ಎರಡನೇ ಮುರಾದ್

ನಮ್ಮ ಬಸ್ಯೂನಿ ಭಾವನಿಗೆ ದೇವರು ಎಲ್ಲವನ್ನೂ ಕೊಟ್ಟಿದ್ದ, ಒಂದು ಅಕ್ಷರವನ್ನು ಬಿಟ್ಟು. ಮರಗೆಲಸಕ್ಕೆ ಹೆಸರಾದ ನಮ್ಮೂರು ದುಮ್ಯಾತಿನಲ್ಲಿ ಕೈಕಸುಬಿನವನನ್ನು ‘ಉಸ್ತಾ’ ಎಂದು ಕರೆಯುತ್ತಾರೆ. ನಾಲ್ಕಕ್ಷರ ಕಲಿತು ಕೊರಳಿಗೆ ಟೈ ಬಿಗಿದುಕೊಂಡವನನ್ನು ‘ಉಸ್ತಾದ್’ ಎನ್ನುತ್ತಾರೆ. ಭಾವ ಕುರ್ಚಿ ಮಂಚಗಳಿಗೆ ಪಾಲಿಶ್ ಹಾಕುವವನು. ಅವನು ಪಾಲಿಶ್ ಹಾಕಿದ ಮೇಜಿನ ಮೇಲೆ ನೊಣ ಕೂತರೆ ಜಾರಿ ಸೊಂಟ ಮುರಿದುಕೊಳ್ಳುತ್ತದೆ ಎಂದು ಕೈರೋದ ವ್ಯಾಪಾರಿಗಳು ಹೇಳುತ್ತಿದ್ದರು. ಆದರೆ ಆ ಹೊಗಳಿಕೆ ಅವನಿಗೆ ರುಚಿಸುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಕೊನೆಯ ಆ ‘ದ್’.

ಅದನ್ನು ಗಳಿಸಲು ಅವನು ಹಿಡಿದ ದಾರಿ ಸಿನಿಮಾ. ಪುಸ್ತಕ ಓದಿ ಪಂಡಿತನಾಗಲು ಕಣ್ಣು ನೋಯುತ್ತದೆ, ಸಿನಿಮಾ ನೋಡಿ ಪಂಡಿತನಾಗಲು ಕುರ್ಚಿಯೊಂದಿದ್ದರೆ ಸಾಕು. ಕುರ್ಚಿಗೆ ನಮ್ಮೂರಿನಲ್ಲಿ ಬರವಿಲ್ಲ.

ನಾನು ಶಾಕಿರ್, ಅವನ ಹೆಂಡತಿಯ ತಮ್ಮ. ಪಕ್ಕದ ಅಂಗಡಿಯಲ್ಲಿ ಸೋಫಾಗಳಿಗೆ ಸ್ಪಂಜು ತುಂಬುತ್ತೇನೆ. ನಡೆದದ್ದನ್ನೆಲ್ಲ ಕಣ್ಣಾರೆ ಕಂಡವನು. ಅದರಲ್ಲಿ ಅರ್ಧ ಅನಾಹುತಕ್ಕೆ ನಾನೇ ಕಾರಣ ಎಂದು ಅಕ್ಕ ಇವತ್ತಿಗೂ ಹೇಳುತ್ತಾಳೆ.

ಸಫ್ವತ್ ಬೈರಮ್ ಎಂಬ ನಟ ಎಪ್ಪತ್ತೈದನೇ ಇಸವಿಯಲ್ಲೊಮ್ಮೆ, ಎಪ್ಪತ್ತೇಳರಲ್ಲೊಮ್ಮೆ ಮೇಜರ್ ಮುರಾದ್ ಎಂಬ ಗೂಢಚಾರನ ಪಾತ್ರ ಮಾಡಿದ. ಎರಡೇ ಚಿತ್ರ. ಅಲ್ಲಿಗೆ ಅವನ ಗೂಢಚಾರಿಕೆ ಮುಗಿಯಿತು. ಚಿತ್ರಗಳಿಗೆ ಏನೇನೋ ಹೆಸರಿದ್ದವು, ಆದರೆ ಜನ ಮೊದಲನೇ ಮುರಾದ್, ಎರಡನೇ ಮುರಾದ್ ಎಂದೇ ಹೇಳುತ್ತಿದ್ದರು. ಕಾಫಿ ಅಂಗಡಿಯಲ್ಲಿ ಈ ಮಾತು ಬಂತೆಂದರೆ ಭಾವ ಹುಕ್ಕಾದ ನಳಿಗೆಯನ್ನು ಕೆಳಗಿಡುತ್ತಿದ್ದ.

“ಮೊದಲನೇದು ಮಕ್ಕಳಿಗೆ. ಎರಡನೇದು ತಿಳಿದವರಿಗೆ. ಮೊದಲನೇದ್ರಲ್ಲಿ ಶತ್ರು ಕೊನೇಲಿ ಸಾಯ್ತಾನೆ. ಅದು ಯಾರಿಗ್ ಬೇಕಾದ್ರೂ ಹೊಳೀತದೆ. ಎರಡನೇದ್ರಲ್ಲಿ ಮಧ್ಯದಲ್ಲೇ ಸಾಯ್ತಾನೆ. ಹತ್ತು ನಿಮಿಷ ಬಿಟ್ಟು ಎದ್ದು ಬಂದು ಕಾಫಿ ಕುಡೀತಾನೆ! ಯಾಕೆ? ಶತ್ರು ಸಾಯಬಹುದು, ಶತ್ರುತ್ವ ಸಾಯಲ್ಲ. ಇನ್ನೊಂದು ನೋಡಿ. ಮುರಾದ್‌ಗೆ ಗುಂಡು ತಗಲೋದು ಆಮೇಲೆ, ಕೈಗೆ ಪಟ್ಟಿ ಕಟ್ಕೊಂಡಿರೋದು ಮೊದಲು. ಗೂಢಚಾರ ಅಂದ್ಮೇಲೆ ಮುಂದಾಗೋದು ಗೊತ್ತಿರಬೇಡವೇ?”

ಕೇಳಿದವರು ತಲೆದೂಗುತ್ತಿದ್ದರು. ಹದಿನೇಳು ವರ್ಷ ಒಬ್ಬನೂ ಎದುರಾಡಲಿಲ್ಲ. ಯಾರೂ ಎದುರಾಡದ ಮಾತು ಸತ್ಯವಾಗಿಯೇ ಇರಬೇಕೆಂದು ಭಾವ ನಂಬಿದ್ದ. ನಾವೂ ನಂಬಿದ್ದೆವು.

ತೊಂಬತ್ನಾಲ್ಕರ ಚಳಿಗಾಲದಲ್ಲಿ ಭಾವನ ಮಗಳು ರಬಾಬಳಿಗೆ ಸಂಬಂಧ ಬಂತು. ಹುಡುಗ ಹುಸಾಮ್, ಅವಳು ಕೆಲಸ ಮಾಡುವ ಔಷಧದಂಗಡಿಯಲ್ಲೇ ಔಷಧ ಕೊಡುವವನು. ಇಬ್ಬರೂ ಎರಡು ವರ್ಷದಿಂದ ಒಂದೇ ಕೌಂಟರಿನ ಹಿಂದೆ ನಿಂತು ಕೆಮ್ಮಿನ ಔಷಧಿಯ ಬಗ್ಗೆ ಅಗತ್ಯಕ್ಕಿಂತ ಹೆಚ್ಚು ಮಾತಾಡುತ್ತಿದ್ದರು. ಹುಡುಗನ ತಂದೆ ಉಸ್ತಾದ್ ಫಿಕ್ರಿ ಅಲ್ ಲೋಝಿ, ನಿವೃತ್ತ ಮುಖ್ಯೋಪಾಧ್ಯಾಯರು. ಊರಿನ ಚಿತ್ರಪ್ರೇಮಿಗಳ ಕೂಟಕ್ಕೆ ಅಧ್ಯಕ್ಷರು ಬೇರೆ. ಅವರು ಹೆಂಡತಿ ಸೌಸನ್, ಮಗ ಹುಸಾಮ್ ಸಮೇತ ಒಂದು ಸಂಜೆ ಹೆಣ್ಣು ಕೇಳಲು ಬಂದರು.

ಎಲ್ಲವೂ ಸರಿಯಾಗಿಯೇ ಶುರುವಾಯಿತು. ಅಕ್ಕ ಇನ್‌ಶಿರಾಹ್ ಎರಡು ಕಿಲೋ ಕ್ರೀಮ್ ಕೇಕು ತರಿಸಿದ್ದಳು. ಫಿಕ್ರಿ ಸಾಹೇಬರು ಬಂಗಾರದ ಬಣ್ಣದ ಸೋಫಾದ ಮೇಲೆ ಕೂತು, ಕೈಹಿಡಿಯನ್ನು ಸವರಿ, “ಕೆಲಸ ಬಹಳ ಚೆನ್ನಾಗಿದೆ ಉಸ್ತಾ ಬಸ್ಯೂನಿ” ಅಂದರು. ಹೊಗಳಿಕೆಯೇ. ಆದರೆ ಭಾವನ ಕಿವಿಗೆ ಬಿದ್ದದ್ದು ‘ಉಸ್ತಾ’ ಮಾತ್ರ. ಅವನ ಮುಖ ಸಣ್ಣದಾಯಿತು.

ಮೂಲೆಯ ಟಿವಿಯಲ್ಲಿ ಯಾವುದೋ ಹಳೆಯ ಚಿತ್ರದ ಹಾಡು ಬರುತ್ತಿತ್ತು. ಫಿಕ್ರಿ ಸಾಹೇಬರು ಚಮಚ ಎತ್ತಿ ತೋರಿಸಿದರು.

“ಆಹಾ, ಸಫ್ವತ್ ಬೈರಮ್! ಮೊದಲನೇ ಮುರಾದ್ ನೋಡಿದೀರಾ ಉಸ್ತಾ? ಅಂಥಾ ಚಿತ್ರ ಇನ್ನೊಂದು ಹುಟ್ಟಲ್ಲ.”

“ಹುಟ್ಟಿದೆಯಲ್ಲ,” ಅಂದ ಭಾವ. “ಎರಡನೇದು ನೋಡಿದವನು ಮೊದಲನೇದರ ಸುದ್ದಿ ಎತ್ತಲ್ಲ.”

ಫಿಕ್ರಿ ಸಾಹೇಬರ ಚಮಚ ಬಾಯಿಗೂ ತಟ್ಟೆಗೂ ನಡುವೆ ನಿಂತಿತು.

“ಎರಡನೇದಾ? ಎರಡನೇದು ಕಸ ಕಣ್ರೀ.”

“ಕಸವಾ? ಹೆಣ ಎದ್ದು ಬಂದು ಕಾಫಿ ಕುಡಿಯೋದು ಕಸವಾ?”

“ಹೆಣ ಕಾಫಿ ಕುಡಿಯೋದು ಇನ್ನೇನು ಮತ್ತೆ?”

“ತಿಳಿಯೋಕೆ ತಲೆ ಬೇಕು!”

“ಮೂವತ್ತೈದು ವರ್ಷ ಪಾಠ ಹೇಳಿದ ತಲೆ ಇದು!”

“ಪಾಠ ಹೇಳಿದ್ದು ಬಾಯಿ,” ಅಂದ ಭಾವ.

ಅಷ್ಟರಲ್ಲಿ ಶರಬತ್ತಿನ ತಟ್ಟೆ ಹಿಡಿದು ಬಂದ ರಬಾಬ್ ಬಾಗಿಲಲ್ಲೇ ನಿಂತುಬಿಟ್ಟಳು. ಹುಸಾಮ್ ಸೋಫಾದ ತುದಿಗೆ ಸರಿದು ಕಾರ್ಪೆಟ್ಟಿನ ಹೂಗಳನ್ನು ಎಣಿಸತೊಡಗಿದ. ಫಿಕ್ರಿ ಸಾಹೇಬರು ಎದ್ದು ನಿಂತರು. ಕೋಪದಲ್ಲಿ ಅವರ ಬಾಯಿಂದ ಒಂದು ಅಕ್ಷರ ಹೆಚ್ಚಿಗೆ ಬಂತು.

“ಉಸ್ತಾದ್ ಬಸ್ಯೂನಿ! ಮುಂದಿನ ಗುರುವಾರ ಬಿಟ್ಟು ಅದರ ಮುಂದಿನ ಗುರುವಾರ ನಮ್ಮ ಕೂಟಕ್ಕೆ ಬನ್ನಿ. ಹತ್ತು ಜನರ ಮುಂದೆ ಎರಡನ್ನೂ ಇಟ್ಟು ತೂಗಿ ನೋಡೋಣ. ಧೈರ್ಯ ಇದ್ರೆ!”

ಹೆಚ್ಚಿನ ಆ ಅಕ್ಷರ ಕೇಳಿದ ಭಾವನ ಮುಖ ಅವನೇ ಪಾಲಿಶ್ ಹಾಕಿದ ಮೇಜಿನಂತೆ ಹೊಳೆಯಿತು.

“ಖಂಡಿತ ಬರ್ತೀನಿ!”

“ಮತ್ತೆ ಫಾತಿಹಾ?” ಅಂದಳು ಅಕ್ಕ. ಎರಡೂ ಮನೆಯವರು ಕೂತು ಕುರಾನಿನ ಫಾತಿಹಾ ಓದಿದರೆ ಸಂಬಂಧ ಗಟ್ಟಿ. ಬಂದದ್ದೇ ಅದಕ್ಕೆ.

“ಫಾತಿಹಾ ಎಲ್ಲಿಗೂ ಓಡಿಹೋಗಲ್ಲ ರಬಾಬಳ ಅಮ್ಮಾ. ಒಂದೇ ಮನೆಯವರಾಗೋಕೆ ಮುಂಚೆ ಒಂದು ಅಭಿಪ್ರಾಯಕ್ಕಾದ್ರೂ ಬರೋಣ,” ಅಂದರು ಫಿಕ್ರಿ ಸಾಹೇಬರು.

ಅವರು ಹೋದ ಮೇಲೆ ಅಕ್ಕ ಖಾಲಿ ಕೇಕಿನ ಡಬ್ಬಿಯನ್ನು ಭಾವನ ಮುಂದೆ ಇಟ್ಟಳು.

“ಎರಡು ಕಿಲೋ ತಿಂದು, ಮಗಳನ್ನ ಸಿನಿಮಾಗೆ ಒತ್ತೆ ಇಡಿಸ್ಕೊಂಡು ಹೋದ್ರು. ಸಂತೋಷ ಆಯ್ತಾ?”

“ಉಸ್ತಾದ್ ಅಂದ್ರು ಕಣೇ,” ಅಂದ ಭಾವ.

ಮೂರನೇ ದಿನ ಸಂತೆಬೀದಿಗೆ ಅಡ್ಡಲಾಗಿ ಬಟ್ಟೆಯ ಬ್ಯಾನರ್ ಬಂತು. ‘ಗೂಢಚಾರ ಮುರಾದ್: ಒಂದನೆಯವನೋ, ಎರಡನೆಯವನೋ? ಉಸ್ತಾದ್ ಫಿಕ್ರಿ ಅಲ್ ಲೋಝಿ ಮತ್ತು ಉಸ್ತಾದ್ ಬಸ್ಯೂನಿ ಖಿದ್ರ್ ಅವರಿಂದ ಬಹಿರಂಗ ಚರ್ಚೆ.’ ಭಾವ ಏನಾದರೊಂದು ನೆಪ ಮಾಡಿಕೊಂಡು ದಿನಕ್ಕೆ ನಾಲ್ಕು ಸಲ ಅದರ ಕೆಳಗೆ ಹಾದುಹೋಗುತ್ತಿದ್ದ. ಬೀದಿ ಎರಡು ಪಾಳಯವಾಯಿತು. ಬಡಗಿಗಳು ಎರಡನೇ ಮುರಾದನ ಕಡೆ, ಮೇಷ್ಟ್ರುಗಳು ಮೊದಲನೆಯವನ ಕಡೆ. ಕ್ಷೌರಿಕನೊಬ್ಬ ಮಾತ್ರ ಕುರ್ಚಿಯಲ್ಲಿ ಕೂತವನನ್ನು ನೋಡಿ ಪಕ್ಷ ಬದಲಿಸುತ್ತಿದ್ದ.

ಬ್ಯಾನರ್ ಓದಿದವರಲ್ಲಿ ಮಫ್ತಿ ಪೊಲೀಸಿನವನೊಬ್ಬನಿದ್ದ. ಅವನು ಸೀದಾ ಭಾವನ ಅಂಗಡಿಗೆ ಬಂದು, ಒದ್ದೆ ಪಾಲಿಶಿನ ಸ್ಟೂಲಿನ ಮೇಲೆ ಕೂತು, ಪುಟ್ಟ ನೋಟುಬುಕ್ಕು ತೆಗೆದ.

“ಈ ಇಬ್ಬರು ಗೂಢಚಾರರಲ್ಲಿ ನಿಮ್ಮೋನು ಯಾರು?”

“ಎರಡನೆಯವನು ಬೇ,” ಅಂದ ಭಾವ ಹೆಮ್ಮೆಯಿಂದ. ಸಾಹೇಬರೇ ಎನ್ನುವುದಕ್ಕೆ ನಮ್ಮಲ್ಲಿ ‘ಬೇ’ ಎನ್ನುತ್ತಾರೆ.

“ಕೊನೇ ಸಲ ಎಲ್ಲಿ ನೋಡಿದ್ದು?”

“ರಾಸಲ್‌ಬರ್ ಸಮುದ್ರ ದಂಡೇಲಿ. ಎಪ್ಪತ್ತೇಳರ ಬೇಸಿಗೇಲಿ.”

“ಜೊತೆಗೆ ಯಾರಿದ್ರು?”

“ನನ್ನ ಹೆಂಡ್ತಿ.”

“ಅವಳಿಗೂ ಸಂಬಂಧ ಇದೆಯಾ?”

“ಇಲ್ಲ ಬೇ, ಅವಳು ಕಲ್ಲಂಗಡಿ ಬೀಜ ತಿಂತಾ ಕೂತಿದ್ಲು.”

“ಅವನೇನು ಮಾಡ್ತಾ ಇದ್ದ?”

“ಸೇತುವೆ ಉಡಾಯಿಸ್ತಾ ಇದ್ದ.”

ಮಫ್ತಿಯವನ ಪೆನ್ನು ಕೆಳಗೆ ಬಿತ್ತು. “ಯಾವ ಸೇತುವೆ? ಆಮೇಲೆ ಎಲ್ಲಿಗೆ ಹೋದ? ಅವನಿಗೆ ಊಟ ವಸತಿ ಯಾರು ಕೊಡೋದು?”

“ನಿರ್ಮಾಪಕರು.”

“ನಿರ್ಮಾಪಕರು,” ಎಂದು ಅವನು ದಪ್ಪ ಅಕ್ಷರದಲ್ಲಿ ಬರೆದುಕೊಂಡ. “ಇದು ಯಾವ ಸಂಘಟನೆ?”

ನಾನು ಗೋಡೆಯಾಚೆಯಿಂದ ಓಡಿಬಂದು, “ಸಿನಿಮಾ ಬೇ, ಸಿನಿಮಾ! ಸಫ್ವತ್ ಬೈರಮ್‌ದು!” ಎಂದು ಕೂಗಿಕೊಂಡೆ. ಅವನು ನಮ್ಮಿಬ್ಬರನ್ನೂ ನೋಡಿದ, ಹಾಳೆ ಹರಿದು ಜೇಬಿಗೆ ತುರುಕಿದ.

“ಮೊದಲೇ ಹೇಳಬಾರದಾ? ನನ್ನ ಓಟು ಮೊದಲನೇದಕ್ಕೆ. ಗುರುವಾರ ಮನೆಯವರನ್ನೂ ಕರ್ಕೊಂಡ್ ಬರ್ತೀನಿ.” ಹೊರಟ. ಅವನ ಪ್ಯಾಂಟಿನ ಹಿಂಭಾಗದಲ್ಲಿ ಸ್ಟೂಲಿನ ಅರ್ಧ ಪಾಲಿಶ್ ಹೊರಟಿತು. ಅದನ್ನು ಹೇಳುವ ಧೈರ್ಯ ನಮಗಿಬ್ಬರಿಗೂ ಬರಲಿಲ್ಲ.

ನಾನು ಮಾಡಿದ ತಪ್ಪು ಇದಾದ ಮೇಲೆ. ಭಾವನಿಗೆ ಸಹಾಯವಾಗಲೆಂದು, ಸ್ಪಂಜು ತರಲು ಕೈರೋಗೆ ಹೋದಾಗ ಹಳೆಯ ಕ್ಯಾಸೆಟ್ಟಿನವರ ಹತ್ತು ಅಂಗಡಿ ಅಲೆದು ಎರಡನೇ ಮುರಾದನ ವಿಡಿಯೋ ಹುಡುಕಿ ತಂದೆ. ಶುಕ್ರವಾರ ನಮಾಜು ಮುಗಿಸಿ, ಮೀನೂಟ ಮಾಡಿ, ಎಲ್ಲರೂ ಟಿವಿ ಮುಂದೆ ಕೂತೆವು. ಅಕ್ಕ ನೆಲದ ಮೇಲೆ ಸೊಪ್ಪು ಬಿಡಿಸುತ್ತಿದ್ದಳು. ಪರದೆಯ ಮೇಲೆ ‘ಬಿಳಿ ಕೈಗವಸು’ ಎಂದು ಹೆಸರು ಬಂತು.

“ಇದಲ್ಲ,” ಅಂದ ಭಾವ.

“ಇದೇ ಭಾವ. ಮೊದಲನೇದು ‘ಸೈಪ್ರಸ್ಸಿನ ಟಪಾಲು’, ಎರಡನೇದು ಇದು.”

ಮುರಾದ್ ಅಥೆನ್ಸಿನಲ್ಲಿ ಇಳಿದ. “ಇದಲ್ಲ.” ಬಿಳಿ ಕೈಗವಸಿನ ಹೆಂಗಸು ಬಂದಳು. “ಇವಳು ಯಾರು?” ಹಡಗೊಂದು ಮುಳುಗಿತು. “ಹಡಗು ಎಲ್ಲಿತ್ತು?” ಇಪ್ಪತ್ತು ನಿಮಿಷವಾದ ಮೇಲೆ ಭಾವ ಎದ್ದು, ಕ್ಯಾಸೆಟ್ಟಿನ ಡಬ್ಬಿಯ ಮೇಲಿನ ಹೆಸರನ್ನು ಮತ್ತೆ ಓದಿದ.

ಅಕ್ಕ ಸೊಪ್ಪಿನಿಂದ ತಲೆಯೆತ್ತದೆ ಹೇಳಿದಳು: “ಇದನ್ನ ನಾವು ನೋಡೇ ಇಲ್ಲವಲ್ರೀ.”

“ರಾಸಲ್‌ಬರ್‌ನಲ್ಲಿ ಟಾಕೀಸಿಗೆ ಹೋಗಿ ನೋಡಿದ್ದೇನು ಹಾಗಾದ್ರೆ? ಬೋರ್ಡಿನ ಮೇಲೆ ‘ಮುರಾದ್ ಮತ್ತೆ ಬಂದ’ ಅಂತ ಇರಲಿಲ್ವಾ?”

“ಇತ್ತು. ಅದೇ ಸಿನಿಮಾ ಮತ್ತೆ ಬಂದಿದೆ ಅಂತ ಅದರ ಅರ್ಥ. ನೋಡಿದ್ದನ್ನೇ ಎಷ್ಟು ಸಲ ನೋಡೋದು ಅಂತ ನಾನು ಅವತ್ತೇ ಕೇಳ್ದೆ. ನಿನಗೆ ಸಿನಿಮಾ ಅರ್ಥ ಆಗಲ್ಲ ಅಂದ್ರಿ. ಸರಿ ಅಂತ ಬೀಜ ತಿಂದೆ.”

“ಹೆಣ ಎದ್ದು ಬಂದದ್ದು?”

“ಎರಡು ಟಾಕೀಸಿಗೆ ಒಂದೇ ಪ್ರಿಂಟು. ಸೈಕಲ್ಲಿನವನು ರೀಲಿನ ಡಬ್ಬಿಗಳನ್ನ ಅದಲು ಬದಲು ಮಾಡಿ ತಂದಿದ್ದ. ಜನ ಎಲ್ಲಾ ಶಿಳ್ಳೆ ಹಾಕಿ ಬೈತಾ ಇದ್ರು. ನೀವೊಬ್ರು ಚಪ್ಪಾಳೆ ಹೊಡೆದ್ರಿ.”

ಹದಿನೇಳು ವರ್ಷದ ಪಾಂಡಿತ್ಯ ಒಂದು ಕಟ್ಟು ಸೊಪ್ಪು ಬಿಡಿಸುವಷ್ಟರಲ್ಲಿ ಮುಗಿದುಹೋಯಿತು. ಭಾವ ಕುರ್ಚಿಯಲ್ಲಿ ಕುಸಿದು, ಒಂದೇ ಚಿತ್ರವನ್ನು ಅದರ ಜೊತೆಗೇ ಹೋಲಿಸಿ ಅದಕ್ಕಿಂತ ಅದೇ ಶ್ರೇಷ್ಠ ಎಂದು ಸಾಧಿಸಿದ ಜಗತ್ತಿನ ಮೊದಲ ವಿಮರ್ಶಕನಂತೆ ಸೂರು ನೋಡಿದ.

ಅದಕ್ಕಿಂತ ದೊಡ್ಡ ಏಟು ಪರದೆಯ ಮೇಲೆ ನಡೆಯುತ್ತಿತ್ತು. ನಿಜವಾದ ಎರಡನೇ ಮುರಾದ್ ಫಿಕ್ರಿ ಸಾಹೇಬರು ಹೇಳಿದ್ದಕ್ಕಿಂತ ಕಸವಾಗಿತ್ತು. ಅರ್ಧದಿಂದ ಮೇಲೆ ಮೇಜರ್ ಮುರಾದ್ ಮುಖವನ್ನೇ ತೋರಿಸಲಿಲ್ಲ. ಬೆನ್ನು ತಿರುಗಿಸಿ ಪ್ರೀತಿಸಿದ, ಬೆನ್ನು ತಿರುಗಿಸಿ ಗುಂಡು ಹಾರಿಸಿದ, ಟೆಲಿಫೋನಿನಲ್ಲಿ ಮಾತಾಡುವಾಗಲೂ ಗೋಡೆಗೆ ಮುಖ ಮಾಡಿದ.

“ಹೋಗಿ ನಿಜ ಹೇಳಿಬಿಡಿ,” ಅಂದಳು ಅಕ್ಕ.

“ಹೇಳಿದ್ರೆ ಹುಡುಗಿ ಅಪ್ಪ ಸುಳ್ಳುಗಾರ ಅಂತಾರೆ. ಹೇಳದೆ ಗೆದ್ರೆ ಬೀಗರಿಗೆ ಅವಮಾನ. ಸೋತ್ರೆ ನನಗೆ ಅವಮಾನ. ಯಾವ ಕಡೆ ಹೋದ್ರೂ ಗೋಡೇನೇ.”

ಎಲ್ಲರ ಹಿಂದೆ ಕೂತಿದ್ದ ರಬಾಬ್ ಬಾಯಿಬಿಟ್ಟಳು.

“ಅಪ್ಪಾ, ನನಗೆ ಮೊದಲನೇ ಮುರಾದೂ ಬೇಡ, ಎರಡನೇ ಮುರಾದೂ ಬೇಡ. ಹುಸಾಮ್ ಸಾಕು.”

ಹೀಗೆ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಮೇಲಿನ ಐದು ದಿನ ಭಾವ ದಿನಕ್ಕೊಮ್ಮೆ ಆ ಕ್ಯಾಸೆಟ್ಟನ್ನು ಹಾಕಿಕೊಂಡು, ಹೊಗಳಲು ಯೋಗ್ಯವಾದ ಒಂದೇ ಒಂದು ಜಾಗವನ್ನು ಹುಡುಕಿದ. ಸಿಗಲಿಲ್ಲ.

ಬುಧವಾರ ಹುಸಾಮ್ ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ ಬಂದ.

“ಮಾವ, ಅಪ್ಪ ಹೇಳಿ ಕಳಿಸಿದಾರೆ. ನಾಳೆ ಸಭೆಗೆ ಸಫ್ವತ್ ಬೈರಮ್ ಅವರೇ ಬರ್ತಾರಂತೆ. ರಾಸಲ್‌ಬರ್‌ನಲ್ಲೇ ಇದಾರಂತೆ ಈಗ. ಪಾರಿವಾಳ ಸಾಕ್ಕೊಂಡು.”

ಭಾವ ಕೈಯಲ್ಲಿದ್ದ ಪಾಲಿಶ್ ಬಟ್ಟೆಯಿಂದಲೇ ಮುಖ ಒರೆಸಿಕೊಂಡ. ಕೆಂಗಂದು ಮುಖ ಹೊತ್ತು ಸೀದಾ ಡಾಕ್ಟರ ಹತ್ತಿರ ಹೋಗಿ, ತನಗೆ ಗಂಟಲು ಕಟ್ಟಿದೆ, ಎದೆ ನೋವಿದೆ, ಒಂದು ವಾರ ಮಾತಾಡಬಾರದೆಂದು ಚೀಟಿ ಬೇಕು ಎಂದ. ಡಾಕ್ಟರು ಸ್ಟೆತಾಸ್ಕೋಪಿಟ್ಟು ಕೇಳಿದರು.

“ಕುದುರೆ ಹಾಗಿದೀರಿ. ನಾಳೆ ಜೋರಾಗಿ ಮಾತಾಡಿ. ನಾನೂ ಎರಡನೇ ಮುರಾದನ ಕಡೆಯೇ!”

ಗುರುವಾರ ಸಂಜೆ ಆರಕ್ಕೆ ಕೂಟದ ಸಭಾಂಗಣ ತುಂಬಿಹೋಗಿತ್ತು. ಬಡಗಿಗಳು ಎಡಕ್ಕೆ, ಮೇಷ್ಟ್ರುಗಳು ಬಲಕ್ಕೆ. ಮಫ್ತಿಯವನು ಹೊಸ ಪ್ಯಾಂಟು ಹಾಕಿಕೊಂಡು, ಹೆಂಡತಿ ಮಕ್ಕಳೊಡನೆ ನಡುವೆ ಕೂತಿದ್ದ. ಮೊದಲ ಸಾಲಿನಲ್ಲಿ ಸಫ್ವತ್ ಬೈರಮ್. ಎಪ್ಪತ್ತರ ಹತ್ತಿರದ ಮನುಷ್ಯ, ನೀಲಿ ಕೋಟು, ಕೈಯಲ್ಲಿ ಊರುಗೋಲು. ಭುಜದ ಮೇಲೆ ಪಾರಿವಾಳದ ಒಂದು ಗರಿ ಅಂಟಿಕೊಂಡಿತ್ತು.

ಫಿಕ್ರಿ ಸಾಹೇಬರು ನಲವತ್ತು ನಿಮಿಷ ಮಾತಾಡಿದರು. ಮೂವತ್ತೊಂಬತ್ತು ನಿಮಿಷ ಮೊದಲನೇ ಮುರಾದನ ಮೇಲೆ. ಕೊನೆಯ ನಿಮಿಷದಲ್ಲಿ ಕನ್ನಡಕ ಸರಿಮಾಡಿಕೊಂಡು, “ಎರಡನೇದು ಕಸ ಅನ್ನೋದು ಎಲ್ಲರಿಗೂ ಗೊತ್ತಿರೋದೇ, ವಿವರಕ್ಕೆ ಹೋಗಲ್ಲ” ಎಂದು ಗಡಿಬಿಡಿಯಲ್ಲಿ ಕೂತುಬಿಟ್ಟರು. ಬಲಗಡೆ ಚಪ್ಪಾಳೆ ಮೊಳಗಿತು.

ಭಾವನ ಸರದಿ. ಅವನು ವೇದಿಕೆ ಹತ್ತಿ, ಜೇಬಿನಿಂದ ಮೂರು ಹಾಳೆ ತೆಗೆದು, ಮೊದಲ ಸಾಲಿನ ಮುದುಕನನ್ನು ನೋಡಿದ. ಮುದುಕ ಅವನನ್ನೇ ನೋಡುತ್ತಿದ್ದ, ವೈದ್ಯರ ಬಾಯಿಂದ ಏನು ಬರುತ್ತದೋ ಎಂದು ನೋಡುವ ರೋಗಿಯ ಹಾಗೆ. ಭಾವ ಹಾಳೆಗಳನ್ನು ಮಡಿಚಿ ಮತ್ತೆ ಜೇಬಿಗಿಟ್ಟ. ಮೂರನೇ ಸಾಲಿನಲ್ಲಿ ಅಕ್ಕ ಕಣ್ಣುಮುಚ್ಚಿಕೊಂಡಳು.

“ಅಣ್ಣಂದಿರಾ, ನನ್ನ ಕೈಲಿ ಆಗಲ್ಲ,” ಅಂದ. “ಹದಿನೇಳು ವರ್ಷದಿಂದ ನಿಮಗೆಲ್ಲಾ ಹೇಳ್ಕೊಂಡ್ ಬಂದೆನಲ್ಲ, ಹೆಣ ಎದ್ದು ಬರ್ತದೆ, ಗುಂಡಿಗೆ ಮುಂಚೆ ಪಟ್ಟಿ ಬರ್ತದೆ ಅಂತ? ಅದು ಮೊದಲನೇದೇ. ಡಬ್ಬಿ ಅದಲು ಬದಲಾಗಿತ್ತು. ನಾನು ಒಂದೇ ಸಿನಿಮಾನ ಎರಡು ಸಲ ನೋಡಿ, ಎರಡು ಅಂದ್ಕೊಂಡಿದ್ದೆ. ನನ್ನ ಮಗಳಿಗೆ ಇದರಲ್ಲಿ ಏನೂ ಪಾಲಿಲ್ಲ. ತಪ್ಪು ನನ್ನದು.”

ಮೊದಲು ಬಲಗಡೆಯವರು ಬಿದ್ದು ಬಿದ್ದು ನಕ್ಕರು. ಸ್ವಲ್ಪ ಹೊತ್ತಿಗೆ ಎಡಗಡೆಯವರೂ ನಕ್ಕರು. ಕ್ಷೌರಿಕ ಯಾವ ಕಡೆ ನಗಬೇಕೆಂದು ತಿಳಿಯದೆ ಎರಡೂ ಕಡೆ ನಕ್ಕ. ಫಿಕ್ರಿ ಸಾಹೇಬರು ಎದ್ದು, “ಅಂದ ಮೇಲೆ ಚರ್ಚೆ ಮುಗೀತು—” ಎನ್ನುವಷ್ಟರಲ್ಲಿ ಊರುಗೋಲು ನೆಲಕ್ಕೆ ಬಡಿಯಿತು.

“ಕೂತ್ಕೊಳ್ಳಿ,” ಅಂದರು ಸಫ್ವತ್ ಬೈರಮ್. ದನಿ ಮಾತ್ರ ಇನ್ನೂ ಮೇಜರನದೇ. “ಅಲ್ಲಪ್ಪಾ, ಈಗಲಾದ್ರೂ ನೋಡಿದಿರಾ ಎರಡನೇದನ್ನ?”

“ನೋಡ್ದೆ ಬೇ. ಆರು ಸಲ.”

“ಆರು ಸಲ!” ಮುದುಕ ಸಾವಿನ ಸುದ್ದಿ ಕೇಳಿದವರಂತೆ ಹಣೆಗೆ ಕೈಯಿಟ್ಟರು. “ನಾನು ಒಂದ್ ಸಲವೂ ನೋಡಿಲ್ಲ. ಧೈರ್ಯ ಬರಲಿಲ್ಲ. ಇಲ್ಲಿ ಬೇರೆ ಯಾರಾದ್ರೂ ನೋಡಿದೀರಾ?”

ಒಂದು ಕೈಯೂ ಮೇಲೇಳಲಿಲ್ಲ. ಮಫ್ತಿಯವನು ಅಭ್ಯಾಸಬಲದಿಂದ ಸುತ್ತ ಎಣಿಸಿ ನೋಡಿ, ಯಾರೂ ಇಲ್ಲವೆಂದು ತಲೆಯಾಡಿಸಿದ. ಫಿಕ್ರಿ ಸಾಹೇಬರ ಕೈ ಮಾತ್ರ ಮೊಣಕೈವರೆಗೆ ಎದ್ದಿತು.

“ಕೈ ಇಳಿಸಿ ಫಿಕ್ರಿ!” ಎಂದರು ಹೆಂಗಸರ ಸಾಲಿನಿಂದ ಸೌಸನ್. “ಎಪ್ಪತ್ತೇಳರಲ್ಲಿ ನಾವು ಯೆಮನ್ ದೇಶದ ಬೆಟ್ಟದ ಮೇಲೆ ಇದ್ವಿ, ನೀವು ಅಲ್ಲಿನ ಮಕ್ಕಳಿಗೆ ವ್ಯಾಕರಣ ಹೇಳ್ತಾ ಇದ್ರಿ. ಕರೆಂಟೇ ಇರಲಿಲ್ಲ, ಸಿನಿಮಾ ಎಲ್ಲಿಂದ ಬಂತು? ವಾಪಸ್ ಬರೋ ಹೊತ್ತಿಗೆ ಅದು ಟಾಕೀಸು ಬಿಟ್ಟೇ ಹೋಗಿತ್ತು. ಎರಡನೇದು ಕಸ ಅಂತ ಹೇಳಿದ್ದು ನನ್ನ ತಮ್ಮ. ಅವನೂ ನೋಡಿರಲಿಲ್ಲ.”

ಈಗ ಇಡೀ ಸಭೆ ಒಟ್ಟಾಗಿ ನಕ್ಕಿತು. ಫಿಕ್ರಿ ಸಾಹೇಬರು ಕೆಂಪಗಾದರು, ಬಿಳಿಚಿದರು, ಕೊನೆಗೆ ಬಿಗಿಯಾದ ಬೂಟು ಬಿಚ್ಚಿದವರ ಹಾಗೆ ಒಂದು ದೊಡ್ಡ ಉಸಿರು ಬಿಟ್ಟು ಕೂತರು. ತಾವೇ ನಗತೊಡಗಿದರು.

“ಹೇಳಪ್ಪಾ,” ಅಂದರು ಸಫ್ವತ್ ಬೈರಮ್ ಭಾವನ ಕಡೆ ಬಾಗಿ. “ಪಂಡಿತರ ಹಾಗೆ ಬೇಡ. ನಿಮ್ಮ ಕಣ್ಣಿಗೆ ಏನು ಕಾಣಿಸ್ತೋ ಅಷ್ಟು ಹೇಳಿ.”

“ನನ್ನ ಕಣ್ಣಿಗೆ ಕಾಣೋದು ಮರದ ಕೆಲಸ ಒಂದೇ ಬೇ.”

“ಅದನ್ನೇ ಹೇಳಿ.”

ಭಾವ ಗಂಟಲು ಸರಿಮಾಡಿಕೊಂಡ. “ಮೊದಲನೇದ್ರಲ್ಲಿ ರಾಯಭಾರಿಯ ಕೋಣೆಯ ಮೇಜು ವಾಲ್‌ನಟ್ ಮರದ್ದು. ಕೈಯಲ್ಲಿ ಅರಗಿನ ಪಾಲಿಶ್ ಹಾಕಿದಾರೆ, ಇಪ್ಪತ್ತು ಸಲಕ್ಕೆ ಕಮ್ಮಿಯಿಲ್ಲ. ದೀಪದ ಬೆಳಕು ಬಿದ್ರೆ ಒಳಗಿಂದ ಹೊಳೀತದೆ. ಅದರ ಮುಂದೆ ನೀವು ನಿಂತ್ರೆ, ಸುಳ್ಳು ಹೇಳಿದ್ರೂ ನಿಜ ಅನ್ನಿಸ್ತದೆ. ಎರಡನೇದ್ರಲ್ಲಿ ಒಂದೇ ಕುರ್ಚಿ ಬೇ! ಅಥೆನ್ಸಿನ ಹೋಟೆಲಲ್ಲಿ ಅದೇ, ರೋಮಿನ ಬ್ಯಾಂಕಲ್ಲಿ ಅದೇ, ಶತ್ರುವಿನ ನೆಲಮಾಳಿಗೇಲೂ ಅದೇ. ಬಲಗಡೆ ಮುಂಗಾಲಿನ ಬಣ್ಣ ಎದ್ದಿದೆ, ಅದರಿಂದ ಗುರುತು ಹಿಡಿದೆ. ನಮ್ಮ ಬೀದಿ ಹಿಂದಿನ ಗಲ್ಲೀಲಿ ಮಾಡಿದ ಕುರ್ಚಿ. ಮುರಾದ್ ಹೋದಲ್ಲೆಲ್ಲಾ ಅದು ಹೋಗ್ತದೆ. ನನಗಂತೂ ಅದೇ ಗೂಢಚಾರ ಅನ್ನಿಸಿಬಿಡ್ತು!”

ಬಡಗಿಗಳು ಕುರ್ಚಿ ಬಡಿದು ಕುಣಿದರು. ಅವರಲ್ಲೊಬ್ಬ ಎದ್ದು, “ಅದು ನಮ್ಮಪ್ಪನ ಕೆಲಸ, ಕಾಲು ನಾನು ಕೂಡಿಸಿದ್ದು!” ಎಂದು ಕೂಗಿದ. ಮೇಷ್ಟ್ರುಗಳು ಅವನಿಗೂ ಚಪ್ಪಾಳೆ ತಟ್ಟಿದರು. ಭಾವನಿಗೆ ಹುರುಪು ಬಂದು, ಎರಡೂ ಚಿತ್ರಗಳ ಬಾಗಿಲು, ಕಿಟಕಿ, ಮಂಚ, ಮೆಟ್ಟಿಲುಗಳನ್ನು ಒಂದೊಂದಾಗಿ ಬಿಚ್ಚಿಟ್ಟ. ಒಂದು ಗಂಟೆ ಹೋದದ್ದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಅವನು ಸ್ವಲ್ಪ ಅಳುಕಿ ಅಂದ:

“ಅರ್ಧದಿಂದ ಮೇಲೆ ನೀವು ಮುಖ ತೋರಿಸಲ್ಲ ಬೇ. ಬರೀ ಬೆನ್ನು.”

“ಅದು ನನ್ನ ಬೆನ್ನಲ್ಲ,” ಅಂದರು ಸಫ್ವತ್ ಬೈರಮ್. “ಮಧ್ಯದಲ್ಲಿ ನಿರ್ಮಾಪಕನಿಗೂ ನನಗೂ ಜಗಳ ಆಗಿ ನಾನು ಎದ್ದು ಬಂದೆ. ಅವನು ಯಾರನ್ನೋ ಹಿಡಿದು ಮುಗಿಸಿದ ಅಂತ ಕೇಳಿದ್ದೆ. ಆ ಮೇಲೆ ನನಗೆ ಮುರಾದ್ ಪಾತ್ರ ಬರಲಿಲ್ಲ. ಬೀದೀಲಿ ಯಾರಾದ್ರೂ ನಕ್ರೆ, ಇವನು ಅದನ್ನ ನೋಡಿರಬೇಕು ಅಂತ ಹದಿನೇಳು ವರ್ಷ ತಲೆ ತಗ್ಗಿಸಿ ಓಡಾಡ್ದೆ.” ಅವರು ಸಭೆಯ ಕಡೆ ತಿರುಗಿದರು. “ಒಬ್ಬರೂ ನೋಡಿರಲಿಲ್ಲ! ದೇವರು ನಿಮ್ಮನ್ನೆಲ್ಲಾ ಚೆನ್ನಾಗಿಟ್ಟಿರಲಿ.”

ಅಧ್ಯಕ್ಷರು ತೀರ್ಪು ಹೇಳಬೇಕಿತ್ತು. ಫಿಕ್ರಿ ಸಾಹೇಬರು ವೇದಿಕೆಗೆ ಹೋಗಿ ಭಾವನ ಭುಜದ ಮೇಲೆ ಕೈಯಿಟ್ಟರು.

“ಮೊದಲನೇದೇ ಶ್ರೇಷ್ಠ. ಅದು ಯಾ‌ಕೆ ಅಂತ ಇವತ್ತು ತಿಳೀತು. ಇನ್ನು ತಡ ಮಾಡೋದು ಬೇಡ ಬೀಗರೇ, ಫಾತಿಹಾ ಓದಿಬಿಡೋಣ.”

“ಇಲ್ಲೇನಾ?” ಅಂದಳು ಅಕ್ಕ.

“ಇಲ್ಲೇ. ಮನೆಗೆ ಹೋದ್ರೆ ಟಿವಿ ಇದೆ!” ಅಂದರು ಸೌಸನ್.

ಅಂಗೈ ಬಿಚ್ಚಿ ಎರಡೂ ಮನೆಯವರು ಓದಿದರು. ಅವರ ಜೊತೆ ಇನ್ನೂರು ಜನ ಓದಿದರು. ಹೆಂಗಸರ ಸಾಲಿನಿಂದ ಶುಭಕಾರ್ಯಕ್ಕೆ ಹಾಕುವ ಝಗರೂದಾ ಕೇಕೆ ಎದ್ದು ಸೂರು ಮುಟ್ಟಿತು. ರಬಾಬಳೂ ಹುಸಾಮನೂ ಒಬ್ಬರನ್ನೊಬ್ಬರು ನೋಡದೆ, ಇಡೀ ಸಭೆಗೆ ಕಾಣುವ ಹಾಗೆ ನಾಚಿದರು. ಭಾವ ಮೂಲೆಯ ಕಂಬಕ್ಕೆ ಒರಗಿ ನಿಂತ. ಕ್ಯಾಸೆಟ್ಟು ನೋಡಿದ ದಿನದಿಂದ ಕಿವಿಯವರೆಗೆ ಬಿಗಿದು ಏರಿದ್ದ ಅವನ ಭುಜಗಳು ಈಗ ಕೆಳಗಿಳಿದಿದ್ದವು.

ಚಹಾ ಕುಡಿಯುವಾಗ ಸಫ್ವತ್ ಬೈರಮ್ ಊರುಗೋಲು ಊರಿಕೊಂಡು ಅವನ ಹತ್ತಿರ ಬಂದರು. ನಾನು ಪಕ್ಕದಲ್ಲೇ ಇದ್ದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು.

“ಕೊನೇಲಿ ಏನಾಗ್ತದೆ? ಮುರಾದ್ ಸಾಯ್ತಾನಾ?”

“ಇಲ್ಲ ಬೇ. ಬಂದರಿನ ದಾರೀಲಿ ಒಬ್ಬನೇ ನಡ್ಕೊಂಡು ಹೋಗಿಬಿಡ್ತಾನೆ.”

“ಬೆನ್ನು ತೋರಿಸಿ?”

“ಬೆನ್ನು ತೋರಿಸಿ.”

ಮುದುಕ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿ ಕದಡಿದರು.

“ಆ ಬದಲಿಯವನ ನಡಿಗೆ ಹೇಗಿದೆ?”

ಭಾವ ಯೋಚಿಸಿದ. ಆರು ದಿನ ಸುಳ್ಳಿನ ಭಾರ ಹೊತ್ತು ಸುಸ್ತಾದವನು, ಈಗ ಸುಲಭದ ಸುಳ್ಳೊಂದು ನಾಲಗೆಯ ತುದಿಗೆ ಬಂದರೂ ನುಂಗಿಕೊಂಡ.

“ನಿಮ್ಮದಕ್ಕಿಂತ ಚೆನ್ನಾಗಿದೆ ಬೇ,” ಅಂದ.

ಮೇಜರ್ ಮುರಾದ್ ಎಷ್ಟು ಜೋರಾಗಿ ನಕ್ಕರೆಂದರೆ ಅರ್ಧ ಲೋಟ ಚಹಾ ನೀಲಿ ಕೋಟಿನ ಮೇಲೆ ಚೆಲ್ಲಿತು. ಅದನ್ನು ಒರೆಸಿಕೊಳ್ಳಲೂ ಇಲ್ಲ, ಇನ್ನೊಂದು ಲೋಟ ತರಿಸಿ ಭಾವನ ಪಕ್ಕದಲ್ಲೇ ಕುರ್ಚಿ ಎಳೆದು ಕೂತರು.